ಬಿಟ್ಟುಹೋದ ಮೂರು ಸಾಲು

ಇಂದಿಗೂ ನಾನು ಲೇಖಕನೆಂದು ಹೇಳಿಕೊಳ್ಳುತ್ತಿದ್ದರೆ ಅದು ಇಳಕಲ್ಲಿನ ಒಬ್ಬ ಹಿರಿಯ ಮುದ್ರಕರ ಉಪಕಾರ. ಅವರಲ್ಲಿ ಕರಡು ತಿದ್ದುವ ಪದ್ಧತಿಯೇ ಬೇರೆ. ಬರೆದವನು ಕರಡನ್ನು ಗಟ್ಟಿಯಾಗಿ ಓದಬೇಕು. ಅವರು ಎದುರಿಗೆ ಕೂತು ಕೈಬರಹದ ಪ್ರತಿ ನೋಡುತ್ತ ಹೋಗುತ್ತಾರೆ. ಜೀವನವಿಡೀ ಕಾಲೇಜಿನಲ್ಲಿ ಪಾಠ ಹೇಳಿದ ನನಗೆ ಇದು ಒಂದನೇ ಇಯತ್ತೆಯ ಶಿಕ್ಷೆ ಅನ್ನಿಸಿ ಪ್ರತಿ ಸಲ ಗೊಣಗುತ್ತೇನೆ.

ಹೋದ ಪುಸ್ತಕದಲ್ಲಿ ನಮ್ಮ ಕಡೆಯ ಹಳ್ಳಿಯ ಒಬ್ಬ ತಾಯಿಯ ಬಗ್ಗೆ ಬರೆದಿದ್ದೆ. ಮಗಳ ಶಾಲೆಯ ಮಾಳಿಗೆ ಸೋರುವುದನ್ನು ಆಕೆ ಮೊಬೈಲಿನಲ್ಲಿ ಹಿಡಿದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಸುಳ್ಳು ಸುದ್ದಿ ಹಬ್ಬಿಸಿದರೆ ಕೇಸು ಬೀಳುತ್ತದೆ ಎಂದು ಪೊಲೀಸರು ಠಾಣೆಗೆ ಕರೆಸಿ, ಆಕೆಯ ಕೈಯಿಂದಲೇ ಅದನ್ನು ಅಳಿಸಿಹಾಕಿಸಿದರು. ಇಷ್ಟೇ, ಮೂರು ಸಾಲು. “ಬರೀರಿ ಸರ” ಎಂದು ಆಕೆಯೇ ಹೇಳಿದ್ದಳು.

ಕೈಬರಹ ಕೊಟ್ಟು ಬಂದ ವಾರವೇ ಪೇಪರಿನಲ್ಲಿ ಹೊಸ ಕಾಯ್ದೆಯ ಸುದ್ದಿ ಬಂತು. ಸುಳ್ಳು ಸುದ್ದಿಗೆ ಜೈಲಂತೆ. ಯಾವುದು ಸುಳ್ಳೆಂದು ತೀರ್ಮಾನಿಸುವವರು ಯಾರು ಎಂಬುದು ನಾಲ್ಕು ಸಲ ಓದಿದರೂ ತಿಳಿಯಲಿಲ್ಲ. ವಿದ್ಯಾಗಿರಿಯ ನನ್ನ ಮನೆಗೆ ಯಾರೂ ಬರಲಿಲ್ಲ, ಯಾರೂ ಹೆದರಿಸಲಿಲ್ಲ. ನಾನೇ ಮುದ್ರಕರ ಮಗಳಿಗೆ ಫೋನು ಮಾಡಿದೆ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವವಳು ಅವಳೇ. ಆ ಮೂರು ಸಾಲು ತೆಗೆದುಬಿಡು ಎಂದೆ. ಪಾಪ, ಆ ಹಿರಿಯರಿಗೆ ತೊಂದರೆಯಾಗಬಾರದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೈಬರಹ ಅವರ ಹತ್ತಿರವೇ ಉಳಿದಿದೆ ಎಂಬುದು ಈ ಜಾಣನಿಗೆ ಹೊಳೆಯಲಿಲ್ಲ.

ಕರಡು ಓದುವ ದಿನ ಆ ಪುಟ ಬಂದಾಗ ಸರಸರ ಓದಿ ದಾಟಲು ನೋಡಿದೆ.

“ನಿಲ್ರಿ ಸರ. ಮೂರು ಸಾಲು ಬಿಟ್ಟುಹೋಗ್ಯಾವ,” ಎಂದವರೇ ಮಗಳ ಕಡೆ ಹೊರಳಿ ಗದರಿದರು. “ಕಣ್ಣು ಎಲ್ಲಿಟ್ಟಿದ್ದಿ? ನಮ್ಮ ಪ್ರೆಸ್ಸಿನಾಗ ಹಿಂಗ ಎಂದೂ ಆಗಿದ್ದಿಲ್ಲ.”

ಅವಳು ನನ್ನ ಮುಖ ನೋಡಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಅಕೀದು ತಪ್ಪಿಲ್ರಿ,” ಎಂದೆ. “ನಾನ ತೆಗಿ ಅಂದಿದ್ದೆ. ನಿಮಗ ತ್ರಾಸ ಆದೀತಂತ...”

“ನನಗ?” ಅವರು ಕನ್ನಡಕ ತೆಗೆದರು. “ಪುಸ್ತಕದಾಗ ನಿಮ್ಮ ಹೆಸರಷ್ಟ ಅಲ್ಲ, ಮುದ್ರಕ ಅಂತ ನನ್ನ ಹೆಸರೂ ಇರ್ತೈತಿ. ಹಿಡದ್ರ ಇಬ್ಬರನ್ನೂ ಹಿಡೀತಾರ. ಅಂಜೂದಿದ್ರ ನಿಮ್ಮ ಸಲುವಾಗಿ ಅಂಜ್ರಿ, ನನ್ನ ಹೆಸರು ಹೇಳಿ ಅಂಜಬ್ಯಾಡ್ರಿ. ಇದು ಖರೆ ಐತೋ ಇಲ್ಲೋ, ಅಷ್ಟ ಹೇಳ್ರಿ.”

“ಖರೆ ಐತ್ರಿ.”

“ಹಂಗಾರ ಓದ್ರಿ.”

ಕೈಬರಹವನ್ನು ನನ್ನ ಮುಂದಿಟ್ಟರು. ಓದಿದೆ. ಮಗಳು ಕೇಳಿಕೊಂಡು ಜೋಡಿಸಿದಳು. ಸುಮ್ಮನೆ ಬೈಸಿಕೊಂಡದ್ದಕ್ಕೆ ಅವಳು ಮುನಿಸಿಕೊಳ್ಳಲಿಲ್ಲ, ಚಹಾ ತಂದುಕೊಟ್ಟಳು. ಆ ತಂದೆ ಮಗಳು ನನಗೆ ಮಾಡಿದ ಉಪಕಾರವನ್ನು ನಾನು ಸಾಯುವತನಕ ಮರೆಯಲಾರೆ.

ಪುಸ್ತಕ ಬಂದ ಮೇಲೆ ಮೊದಲ ಪ್ರತಿಯನ್ನು ಆ ತಾಯಿಗೆ ಒಯ್ದು ಕೊಟ್ಟೆ. ಬಾಗಿಲಲ್ಲೇ ನಿಂತು ಮೂರೂ ಸಾಲನ್ನು ನಿಧಾನವಾಗಿ ಓದಿದಳು.

“ಇದನ್ನ ಇನ್ನ ಯಾರೂ ಅಳಸಾಕ ಬರೂದಿಲ್ಲ, ಹೌದಲ್ರಿ ಸರ?”

“ಬರೂದಿಲ್ಲವ್ವಾ,” ಎಂದೆ.

ಒಮ್ಮೆ ನಾನೇ ಅಳಿಸಿದ್ದೆ ಎಂಬುದನ್ನು ಆಕೆಗೆ ಹೇಳಲು ಬಾಯಿ ಬರಲಿಲ್ಲ.