ಪರದೆಯ ಎಡಕ್ಕೊಂದು ಸೀಮೆಎಣ್ಣೆ ಪೆಟ್ಟಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಗಡಿಮೊಗರಿನ ಹತ್ತಿರ ಶಿರಿಯ ಹೊಳೆಯಲ್ಲಿ ಮೊಣಕಾಲುದ್ದದ ನೀರಿಗೆ ಇಳಿದು ಒಬ್ಬರು ಬಟ್ಟೆ ಉಜ್ಜುತ್ತಿದ್ದಾರೆ. ಯಾವ ಮನೆಯಲ್ಲೂ ಇರಲಾರದಷ್ಟು ದೊಡ್ಡ ಬಟ್ಟೆ. ಒಂದು ತುದಿ ಅವರ ಕೈಯಲ್ಲಿದೆ, ಇನ್ನೊಂದು ತುದಿಯನ್ನು ದಡದ ಕಲ್ಲಿನ ಮೇಲೆ ಅವರ ಹೆಂಡತಿ ಕಿನ್ನಿ ಕಾಲಲ್ಲಿ ಅದುಮಿ ಹಿಡಿದಿದ್ದಾರೆ. ಬಿಳಿ ಬಟ್ಟೆಯ ನಡುವೆ, ಆಳೆತ್ತರದಲ್ಲಿ, ಕೆಂಪು ಕಲೆಗಳು. ಎಲ್ಲವೂ ಎಲೆಯಡಿಕೆಯ ಉಗುಳು. ಬಿಂಬುಳಿ ಕಾಯಿ ಜಜ್ಜಿ, ಅದರ ಹುಳಿಯಲ್ಲಿ ಒಂದೊಂದೇ ಕಲೆಯನ್ನು ತಿಕ್ಕಬೇಕು. ಆಮೇಲೆ ನೀಲಿ ಹಾಕಿ ಅದ್ದಬೇಕು. ಬಿಸಿಲು ಏರುವ ಮೊದಲು ಹರವಿದರೆ ಸಂಜೆಗೆ ಒಣಗುತ್ತದೆ.

"ನಿನ್ನೆ ಸ್ವಲ್ಪ ಕಡಿಮೆ ಮಾತಾಡಿದ್ರೆ ಆಗ್ತಿರ್ಲಿಲ್ವಾ ನಿಮಗೆ?" ಎಂದು ಕಿನ್ನಿ ಕೇಳುತ್ತಾರೆ. "ನನ್ನ ಕೈ ನೋಡಿ, ಹುಳಿಗೆ ಚರ್ಮ ಎದ್ದು ಬಂದಿದೆ."

"ನಾನೆಲ್ಲಿ ಮಾತಾಡಿದೆ ಮಾರಾಯ್ತಿ? ದೋಣಿಯ ಧನಿ ಮಾತಾಡಿದ್ದು. ಉಗಿದದ್ದೂ ಅವನಿಗೇ."

"ಹೌದೌದು. ಒಗೀಲಿಕ್ಕೆ ಅವನು ಬರ್ತಾನಾ?"

ಈ ಬಟ್ಟೆ ಒಂದು ಟೂರಿಂಗ್ ಟಾಕೀಸಿನ ಪರದೆ. ಉಜ್ಜುತ್ತಿರುವವರು ಪುತ್ತಿಗೆಯ ಬಟ್ಯ. ಕೊಯ್ಲು ಮುಗಿದ ಗದ್ದೆಗಳಲ್ಲಿ ಡೇರೆ ಹಾಕಿ, ಮಳೆ ಹಿಡಿಯುವ ತನಕ ಬಾಯಾರು, ಎಣ್ಮಕಜೆ, ಪುತ್ತಿಗೆ ಎಂದು ಊರೂರು ತಿರುಗುವ ಈ ಟಾಕೀಸಿನಲ್ಲಿ ಚಿತ್ರಗಳು ತಮಿಳಿನವು, ಹಿಂದಿಯವು. ನೋಡುವವರು ತುಳು ಮಾತಾಡುವ ಕೂಲಿಯವರು, ಬೀಡಿ ಕಟ್ಟುವ ಹೆಂಗಸರು, ಗಾಡಿ ಹೊಡೆಯುವವರು. ಪರದೆಯ ಎಡಕ್ಕೆ ಒಂದು ಸೀಮೆಎಣ್ಣೆ ಪೆಟ್ಟಿಗೆಯನ್ನು ಬೋರಲು ಹಾಕಿ, ಅದರ ಮೇಲೆ ನಿಂತು, ಪರದೆಯ ಮೇಲೆ ಯಾರು ಬಾಯಿ ತೆರೆದರೂ ಅವರ ಮಾತನ್ನು ತುಳು ಬೆರೆತ ಕನ್ನಡದಲ್ಲಿ ಹೇಳುವುದು ಬಟ್ಯರ ಕೆಲಸ. ಎಂಟು ವರ್ಷಗಳಿಂದ ಹೇಳುತ್ತಿದ್ದಾರೆ. ಖಳನ ಮಾತನ್ನು ಅವರು ಹೇಳಿದರೆ ಮುಂದಿನ ಸಾಲಿನವರು ಎದ್ದು ಹೋಗಿ ಪರದೆಗೆ ಉಗಿದು ಬಂದು ಕೂರುತ್ತಾರೆ. ಬೆಳಿಗ್ಗೆ ಅದನ್ನು ತೊಳೆಯುವುದೂ ಅವರದೇ ಪಾಲು. ಸಂಬಳ ಮಾತ್ರ ಡೇರೆಯ ಗೂಟ ಹೊಡೆಯುವವನದ್ದು. ಮಾತಿಗೆ ಸಂಬಳ ಇಲ್ಲ.

ಈ ಮಾತು ಅವರಿಗೆ ಎಲ್ಲಿಂದ ಬಂತು ಎಂದು ಕೇಳಿದರೆ "ಅಂಗಳದಿಂದ" ಎನ್ನುತ್ತಾರೆ. ಅಪ್ಪ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುತ್ತಿದ್ದವರು. ದೊಡ್ಡ ಮನೆಗಳಲ್ಲಿ ತಾಳಮದ್ದಳೆ ಆಗುವಾಗ, ವೇಷವಿಲ್ಲದೆ ಕುಣಿತವಿಲ್ಲದೆ ಬರೀ ಮಾತಿನಲ್ಲೇ ರಾಮನೂ ರಾವಣನೂ ವಾದಕ್ಕೆ ಕೂತಾಗ, ಬಟ್ಯರಂಥವರಿಗೆ ಜಗಲಿ ಹತ್ತಲು ಅವಕಾಶ ಇರಲಿಲ್ಲ. ಅಂಗಳದ ಆಚೆಗೆ ನಿಂತು ಕೇಳಬೇಕು. ನಿಂತೇ ಕಲಿತರು. ಆ ಮಾತುಗಾರಿಕೆಯನ್ನು ಊರಿನ ಕೀರ್ತಿ ಎಂದು ಭಾಷಣ ಮಾಡುವವರು ಇವರನ್ನು ಇವತ್ತಿಗೂ ಜಗಲಿಗೆ ಕರೆದಿಲ್ಲ.

ಡೇರೆಯ ಹಗ್ಗ ಹಿಡಿದು ನಿಂತಿದ್ದ ಬಟ್ಯರನ್ನು ಒಂದು ದಿನ ಹೆಂಗಸರು "ಅವ ಎಂತ ಹೇಳ್ತಿದ್ದಾನೆ ಮಾರಾಯ?" ಎಂದು ಕೇಳಿದರು. ಬಟ್ಯ ಹೇಳಿದರು. ಇನ್ನೊಂದು ಸಾಲಿನವರು "ಇಲ್ಲಿಗೂ ಕೇಳುವ ಹಾಗೆ ಹೇಳು" ಎಂದರು. ಮರುದಿನ ಟಾಕೀಸಿನ ಯಜಮಾನ, ಕೆಲಸದವರ ಬಾಯಲ್ಲಿ 'ಧನಿಗಳು', ಹರಿನಾಥರು ಸೀಮೆಎಣ್ಣೆ ಪೆಟ್ಟಿಗೆ ಕೊಟ್ಟರು.

ತಪ್ಪು ಆಗಿಲ್ಲವೆಂದಲ್ಲ. ತಾಳಮದ್ದಳೆಯಲ್ಲಿ ಖಳನಿಗೂ ವಾದ ಉಂಟು, ಅವನ ಕಡೆಯ ನ್ಯಾಯವನ್ನು ಅವನು ಪೂರ್ತಿ ಹೇಳಲೇಬೇಕು. ಬಟ್ಯರಿಗೆ ಆ ಅಭ್ಯಾಸ ಬಿಡಲಿಲ್ಲ. ಮೊದಲ ವರ್ಷ ಬಾಯಾರಿನಲ್ಲಿ ಒಬ್ಬ ಡಕಾಯಿತನ ಪರವಾಗಿ ವಾದಕ್ಕೆ ಶುರುವಿಟ್ಟುಕೊಂಡವರು ನಿಲ್ಲಿಸುವಷ್ಟರಲ್ಲಿ ಅವನಿಗೆ ಗುಂಡು ಬಿದ್ದಾಗಿತ್ತು.

"ಅವ ಸತ್ತು ಬಿದ್ದಿದ್ದಾನೆ. ಹೊಟ್ಟೆ ಮೇಲೆ ನೊಣ ಕೂಡ ಕೂತಿದೆ. ನಾನು ಇನ್ನೂ ಅವನ ಬಾಯಲ್ಲಿ ಮಾತಾಡ್ತಾ ಇದ್ದೇನೆ" ಎಂದು ಬಟ್ಯ ನಗುತ್ತಾರೆ. "ಒಬ್ಬ ಎದ್ದು ಹೇಳಿದ, 'ಬಟ್ಯಣ್ಣಾ, ಹೆಣ ಹೊರಲಿಕ್ಕೆ ಬಿಡು ಮಾರಾಯ' ಅಂತ."

ಇನ್ನು ಹೇಳಬೇಕಾದದ್ದು ನಗುವ ವಿಷಯವಲ್ಲ.

ಕಳೆದ ವರ್ಷ ನಮ್ಮ ದೇಶದಲ್ಲಿ ಮೊದಲ ಸಲ ನಡೆದ ಅಂತರರಾಷ್ಟ್ರೀಯ ಚಿತ್ರೋತ್ಸವ ಮದರಾಸಿಗೂ ಬಂತು. ಹೊರದೇಶದ ಚಿತ್ರಗಳನ್ನು ನೋಡಲಿಕ್ಕೆ ಒಂದಷ್ಟು ಜನ, ಅಲ್ಲೇ ಹೋಟೆಲಿನ ಕೋಣೆಗಳಲ್ಲಿ ಕೂತು ಚಿತ್ರಗಳ ವ್ಯಾಪಾರ ಕುದುರಿಸಲಿಕ್ಕೆ ಇನ್ನೊಂದಷ್ಟು ಜನ. ಹಳೆಯ ತಮಿಳು ಚಿತ್ರಗಳನ್ನೇ ತಿರುಗಿಸಿ ತಿರುಗಿಸಿ ಸೋತಿದ್ದ ಹರಿನಾಥರು ಹೊಸದೊಂದು ಚಿತ್ರ ಕೊಳ್ಳಲಿಕ್ಕೆಂದು ಹೊರಟರು. ಬಟ್ಯರನ್ನೂ ಕರೆದುಕೊಂಡು ಹೋದರು. ಅನ್ನ ಬೇಯಿಸಲಿಕ್ಕೆ, ಚೀಲ ಹೊರಲಿಕ್ಕೆ, ಮತ್ತೆ ಕಿವಿಯಲ್ಲಿ ಕತೆ ಹೇಳಲಿಕ್ಕೆ.

ಎರಡು ಪಾಸು ಇದ್ದವು, ಒಂದು ಹರಿನಾಥರ ಹೆಸರಿನದು, ಒಂದು ಟಾಕೀಸಿನ ಹೆಸರಿನದು. ಮೊದಲ ಎರಡು ದಿನ ಬಟ್ಯ ಪಕ್ಕದಲ್ಲಿ ಕೂತು, ಯಾವ ಭಾಷೆಯೆಂದೇ ಗೊತ್ತಿಲ್ಲದ ಚಿತ್ರಗಳಲ್ಲಿ ಮುಖ ನೋಡಿ, ಕೈ ನೋಡಿ, ಕತೆಯನ್ನು ಪಿಸುಗುಟ್ಟಿದರು. ಯಜಮಾನರು ನಿದ್ದೆ ಮಾಡಿದರು. ಮೂರನೆಯ ದಿನ ಬಟ್ಯರ ಪಾಲಿನ ಪಾಸು ಅದೇ ಲಾಡ್ಜಿನಲ್ಲಿದ್ದ ಒಬ್ಬ ಏಜೆಂಟನ ಭಾವಮೈದುನನ ಕೈ ಸೇರಿತು. ಏಜೆಂಟನ ಸ್ನೇಹ ಬೇಕಲ್ಲ!

"ನಿನಗೆ ಇಂಗ್ಲಿಷು ಬರುವುದಿಲ್ಲ, ನೀನು ಒಳಗೆ ಕೂತು ಎಂತ ಮಾಡ್ತಿ, ಅಂತ ಕೇಳಿದ್ರು" ಎನ್ನುತ್ತಾರೆ ಬಟ್ಯ.

ಹರಿನಾಥರಿಗೆ ಇಂಗ್ಲಿಷಿನಲ್ಲಿ ಬರುವುದು ತಮ್ಮ ಸಹಿ ಮಾತ್ರ. ಅವತ್ತಿನ ಚಿತ್ರವೂ ಇಂಗ್ಲಿಷಿನದ್ದಲ್ಲ. ಇದನ್ನು ಹೇಳುವಾಗ ಬಟ್ಯರಿಗೆ ಸಿಟ್ಟು ಬರುವುದಿಲ್ಲ. ಕೇಳಿದವರಿಗೆ ಬರಬೇಕು.

ಉಳಿದ ದಿನಗಳನ್ನು ಅವರು ಗೇಟಿನ ಹೊರಗೆ, ಕಡಲೆಕಾಯಿ ಮಾರುವವಳ ಪಕ್ಕದಲ್ಲಿ ನಿಂತು ಕಳೆದರು. ಸುಮ್ಮನೆ ನಿಲ್ಲಲಿಲ್ಲ. ಚಿತ್ರ ಬಿಟ್ಟಾಗ ಹೊರಗೆ ಬರುವವರನ್ನು ನೋಡಿದರು. ಕೆಲವು ಚಿತ್ರಗಳಿಂದ ಜನ ಆಕಳಿಸುತ್ತ ಬಂದರು, ಕೆಲವುಗಳಿಂದ ಕಣ್ಣೊರೆಸುತ್ತ ಬಂದರು, ಆದರೆ ಬೀದಿ ದಾಟುವ ಮೊದಲೇ ಕಾಫಿಯ ಮಾತು ಶುರುಮಾಡಿದರು. ಒಂದು ಚಿತ್ರದಿಂದ ಮಾತ್ರ ಜಗಳಾಡುತ್ತ ಬಂದರು. ಗಂಡ ಒಂದು ಹೇಳಿದರೆ ಹೆಂಡತಿ ಇನ್ನೊಂದು. ಬಸ್ಸು ಬಂದರೂ ಹತ್ತದೆ ವಾದ ಮಾಡಿದರು.

"ನಮ್ಮಲ್ಲಿ ತಾಳಮದ್ದಳೆ ಮುಗಿಸಿ ಹೋಗುವಾಗ ಜನ ಹಾಗೆಯೇ ಅಲ್ವಾ? ಮನೆ ಮುಟ್ಟುವವರೆಗೆ ಜಗಳ. ಭೀಷ್ಮ ಸರಿಯಾ, ಕರ್ಣ ಸರಿಯಾ. ನಾನು ಧನಿಗಳಿಗೆ ಹೇಳಿದೆ, ಬೇರೆ ಯಾವುದೂ ಬೇಡ, ಈ ಜಗಳದ ಚಿತ್ರ ತೆಕ್ಕೊಳ್ಳಿ ಅಂತ."

"ಅವರು ಮಾತಾಡಿದ್ದು ಇಂಗ್ಲಿಷಲ್ಲವೇ? ನಿಮಗೆ ತಿಳಿಯಿತೇ?" ಎಂದು ಕೇಳಿದ್ದಕ್ಕೆ ಬಟ್ಯ ನಕ್ಕರು.

"ಜಗಳ ಅಂತ ಗೊತ್ತಾಗ್ಲಿಕ್ಕೆ ಭಾಷೆ ಬೇಕಾ?"

ಏಜೆಂಟನ ಕೋಣೆಯಲ್ಲಿ ಕೊಳ್ಳುವವರಿಗಾಗಿ ಆ ಚಿತ್ರವನ್ನು ಒಂದು ಸಲ ಗೋಡೆಗೆ ಬಿಟ್ಟು ತೋರಿಸಿದರು. ಹರಿನಾಥರ ಚೀಲ ಹಿಡಿದುಕೊಂಡು ಬಟ್ಯ ಹಿಂದೆ ನಿಂತು ನೋಡಿದರು. ಚೀಲ ಹಿಡಿದವನಿಗೆ ಪಾಸು ಬೇಡ. ಉತ್ತರದ ಯಾವುದೋ ಚಳಿ ದೇಶದ ಕತೆ. ಮೀನು ಹಿಡಿಯುವ ಒಬ್ಬ ವಿಧವೆ, ಅವಳ ಗಂಡನ ದೋಣಿ, ಆ ದೋಣಿಯನ್ನು ಬಗಲಿಗೆ ಹಾಕಿಕೊಂಡು ಅವಳನ್ನೇ ಅದರಲ್ಲಿ ಕೂಲಿಗೆ ದುಡಿಸುವ ದೋಣಿ ಧನಿ. ಕೊನೆಗೆ ಅವಳು ದೋಣಿಯನ್ನು ತಾನೇ ಸುಟ್ಟುಬಿಡುತ್ತಾಳೆ. ಮಾತು ಕಡಿಮೆ, ಸಮುದ್ರ ಹೆಚ್ಚು. "ಅದ್ರಲ್ಲಿ ನನಗೆ ನಿಲ್ಲಲಿಕ್ಕೆ ಜಾಗ ಉಂಟು ಅಂತ ಕಂಡಿತು" ಎನ್ನುತ್ತಾರೆ ಬಟ್ಯ.

ಹರಿನಾಥರು ಅದನ್ನೇ ಕೊಂಡು ತಂದರು. ಈ ಕತೆ ಈ ಸೀಮೆಯಲ್ಲಿ ಡೇರೆ ತುಂಬಿಸಿತು. ಒಂದೇ ಊರಿನವರು ಎರಡೆರಡು ಸಲ ಬಂದರು. ತೆಂಗಿನ ಗರಿಯ ಸೂಟೆ ಉರಿಸಿ ಹಿಡಿದು ಗದ್ದೆಯ ಹುಣಿಯ ಬದುವಿನ ಮೇಲೆ ಮನೆಗೆ ಹೋಗುವಾಗ ವಾದ ಮಾಡಿಕೊಂಡು ಹೋದರು. ಬೀಡಿ ಕಟ್ಟುವ ಅಮ್ಮಣ್ಣಿ ಮೂರು ಸಲ ನೋಡಿದ್ದಾರೆ. "ಸುಟ್ಟದ್ದೇ ಸರಿ" ಎನ್ನುತ್ತಾರೆ ಅವರು. "ನನ್ನ ಗಂಡ ಹೇಳ್ತಾರೆ, ಸುಟ್ಟರೆ ಊಟಕ್ಕೆ ಎಂತ ಮಾಡ್ತಾಳೆ ಅಂತ. ಹಾಗಾದ್ರೆ ಅವನ ದೋಣಿಯಲ್ಲಿ ಇದ್ದಾಗ ಹೊಟ್ಟೆ ತುಂಬ ಉಣ್ತಿದ್ದಳಾ? ನಮ್ಮಲ್ಲಿ ಎರಡು ದಿನ ಮಾತಿಲ್ಲ." ಪರದೆಗೆ ಉಗಿದವರಲ್ಲಿ ಅವರೂ ಒಬ್ಬರು, ಅದನ್ನು ಮುಚ್ಚಿಡುವುದಿಲ್ಲ.

ಮಂಗಳೂರಿನಲ್ಲಿ ಒಂದು ಸಂಘದವರು ಹರಿನಾಥರಿಗೆ ಶಾಲು ಹೊದಿಸಿದರು. ಹೊರದೇಶದ ಚಿತ್ರಗಳ ಮರ್ಮ ತಿಳಿದು ಆರಿಸಿ ತಂದ ಸಾಹಸಿಗಳಂತೆ. ಚಿತ್ರೋತ್ಸವದ ಪೂರ್ಣ ಪ್ರಯೋಜನ ಪಡೆಯುವುದು ಹೇಗೆಂದು ಅಲ್ಲಿ ಅವರು ಭಾಷಣವನ್ನೂ ಮಾಡಿದರು. ನಿದ್ದೆಯ ಪ್ರಸ್ತಾಪ ಬರಲಿಲ್ಲ. ಬಟ್ಯ ಅವತ್ತು ಎಣ್ಮಕಜೆಯಲ್ಲಿ ಡೇರೆಯ ಗುಂಡಿ ತೋಡುತ್ತಿದ್ದರು.

ಅಲ್ಲಿಗೇ ನಿಂತಿದ್ದರೆ ಇದು ದಿನಾ ನಡೆಯುವ ಅನ್ಯಾಯ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಹರಿನಾಥರಿಗೆ ಒಂದು ಮಾತು ಉಂಟು. ಕೆಲಸದವರು ಏನು ಕೇಳಿದರೂ "ನಾನಿಲ್ಲದಿದ್ದರೆ ನಿಮಗೆ ಯಾರು ಗತಿ?" ಎನ್ನುತ್ತಾರೆ. ಟಿಕೇಟಿನ ಬಾಗಿಲಲ್ಲಿ ನಿಂತು ಜನರೆದುರೇ ಎನ್ನುತ್ತಾರೆ. ದೋಣಿಯ ಧನಿ ವಿಧವೆಯ ಮುಂದೆ ಕೈ ಬೀಸಿ ಏನೋ ಹೇಳುವ ಜಾಗದಲ್ಲಿ ಬಟ್ಯ ಈ ಮಾತನ್ನು ಇಟ್ಟರು. ಡೇರೆ ಬಿದ್ದು ಬಿದ್ದು ನಕ್ಕಿತು. ಆಮೇಲೆ ಉಗಿಯಿತು. ಬೇಕೆಂದೇ ಇಟ್ಟಿರಾ ಎಂದು ಕೇಳಿದರೆ, ಬಟ್ಯ ಪರದೆ ಹಿಂಡುತ್ತ, "ಧನಿಗಳ ಬಾಯಿಗೆ ಬೇರೆ ಎಂತ ಮಾತು ಬರ್ತದೆ? ನಾನು ಕೇಳಿದ್ದು ಅದೊಂದೇ" ಎಂದರು.

ಹರಿನಾಥರೂ ಅದನ್ನು ಕೇಳಿಸಿಕೊಂಡರು. ಊರ ಶಾಲೆಯ ವೆಂಕಟಕೃಷ್ಣ ಮಾಸ್ತರರನ್ನು ಹಲವು ದಿನ ಡೇರೆಯಲ್ಲಿ ಕೂರಿಸಿ, ಬಟ್ಯ ಹೇಳಿದ್ದನ್ನೆಲ್ಲ ಬರೆಸಿಕೊಂಡರು. ಮದರಾಸಿಗೆ ಕರೆದೊಯ್ದು ಅದನ್ನು ಮಾಸ್ತರರ ದನಿಯಲ್ಲೇ ಗ್ರಾಮಫೋನ್ ಪ್ಲೇಟು ಮಾಡಿಸಿ ತಂದರು. ಮೊನ್ನೆ ಗುರುವಾರ ಹೊಳೆಯಲ್ಲಿ ತೊಳೆದದ್ದು ಬಟ್ಯರು ಮಾತಾಡಿದ ಕೊನೆಯ ಆಟದ ಪರದೆ. ಅವತ್ತು ರಾತ್ರಿ ಆಟ ಇರಲಿಲ್ಲ, ಶುಕ್ರವಾರದಿಂದ ಪ್ಲೇಟು. ಹೊಸ ಪೋಸ್ಟರಿನಲ್ಲಿ 'ಕನ್ನಡ ವಿವರಣೆ: ಹರಿನಾಥ' ಎಂದು ದಪ್ಪ ಅಕ್ಷರದಲ್ಲಿದೆ.

ಮಾಸ್ತರರು ಸುಳ್ಳು ಹೇಳುವುದಿಲ್ಲ. "ಮುಕ್ಕಾಲು ಪಾಲು ಅವನದ್ದೇ. ನಾನು ಭಾಷೆ ಶುದ್ಧ ಮಾಡಿದ್ದು ಮಾತ್ರ. ಆ ಒಂದು ಮಾತನ್ನು ತೆಗೆಯಲಿಕ್ಕೆ ಹೇಳಿದರು, ತೆಗೆದೆ" ಎನ್ನುತ್ತಾರೆ. ಬಟ್ಯರ ಹೆಸರನ್ನು ಯಾಕೆ ಹಾಕಲಿಲ್ಲ ಎಂದರೆ ಶಾಲೆಗೆ ಹೊತ್ತಾಯಿತು ಎಂದು ಎದ್ದರು.

ಹರಿನಾಥರಿಗೆ ಅಂಜಿಕೆಯೇನೂ ಇಲ್ಲ. "ನೋಡಿ, ಅವನು ಅತಿ ಮಾತಾಡ್ತಾನೆ. ಚಿತ್ರ ತಂದದ್ದು ನಾನು, ದುಡ್ಡು ಹಾಕಿದ್ದು ನಾನು. ಅವನನ್ನು ಕೆಲಸದಿಂದ ತೆಗೆದಿಲ್ಲವಲ್ಲ? ಗೂಟ ಹೊಡೀಲಿ, ಪರದೆ ಒಗೀಲಿ. ನಾನಿಲ್ಲದಿದ್ದರೆ ಅವನಿಗೆ ಯಾರು ಗತಿ?"

ಅವರು ಹೇಳಿದ್ದು ಹೀಗೆಯೇ. ಒಂದಕ್ಷರ ಹೆಚ್ಚಿಲ್ಲ.

ಶುಕ್ರವಾರದ ಆಟಕ್ಕೆ ಡೇರೆ ತುಂಬಿತ್ತು. ಸೀಮೆಎಣ್ಣೆ ಪೆಟ್ಟಿಗೆ ಇದ್ದಲ್ಲೇ ಇತ್ತು, ಅದರ ಮೇಲೆ ಗ್ರಾಮಫೋನು ಕೂತಿತ್ತು. ಪ್ಲೇಟು ಕೆಡಲಿಲ್ಲ, ಗೀಚಲಿಲ್ಲ, ಚಿತ್ರಕ್ಕೆ ಹಿಂದೆಮುಂದೆ ಆಗಲಿಲ್ಲ. ಯಂತ್ರ ತನ್ನ ಕೆಲಸ ಮಾಡಿತು. ವಿಧವೆ "ಎಲೈ ನಿರ್ದಯನೇ" ಎಂದಳು. ಧನಿ ಶುದ್ಧವಾದ ಕನ್ನಡದಲ್ಲಿ ಉತ್ತರ ಕೊಟ್ಟ. ಯಾರೂ ಗಲಾಟೆ ಮಾಡಲಿಲ್ಲ. ಬಟ್ಯ ಹಗ್ಗದ ಹತ್ತಿರ ಕೂತು ಕೊನೆಯವರೆಗೆ ನೋಡಿದರು. ದೋಣಿ ಉರಿಯಿತು, ಜನ ಎದ್ದರು, ಸೂಟೆ ಹಚ್ಚಿಕೊಂಡು ಮನೆಗೆ ಹೋದರು. ಹುಣಿಯ ಮೇಲೆ ಮಾತಿರಲಿಲ್ಲ. "ಎಷ್ಟು ಶಿಸ್ತು ಬಂತು ನೋಡಿ ಜನಕ್ಕೆ!" ಎಂದು ಹರಿನಾಥರು ಬಾಗಿಲಲ್ಲಿ ಹಿಗ್ಗುತ್ತಿದ್ದರು.

ಶನಿವಾರ ಬೆಳಿಗ್ಗೆ ಬಟ್ಯ ಅಭ್ಯಾಸದಂತೆ ಪರದೆಯನ್ನು ಹೆಗಲಿಗೆ ಹಾಕಿಕೊಂಡು ಹೊಳೆಗೆ ಬಂದಿದ್ದಾರೆ. ಕಿನ್ನಿ ಬುಟ್ಟಿ ತುಂಬ ಬಿಂಬುಳಿ ತಂದಿದ್ದಾರೆ. ಬಟ್ಟೆಯನ್ನು ದಡದಲ್ಲಿ ಹರವಿ ಇಬ್ಬರೂ ಎರಡು ತುದಿಯಿಂದ ಬಗ್ಗಿ ಹುಡುಕುತ್ತಾರೆ. ಕಲೆ ಇಲ್ಲ. ನೀಲಿ ಹಾಕಿದ ಬಿಳುಪು ಹಾಗೆಯೇ ಇದೆ.

"ಒಬ್ಬನೂ ಉಗಿಯಲಿಲ್ವಾ?" ಕಿನ್ನಿಯ ದನಿ ಏರುತ್ತದೆ. ಮೊನ್ನೆ ಕೈಯ ಚರ್ಮ ತೋರಿಸಿ ಬಯ್ದವರು ಇವರೇ. "ಅಷ್ಟು ಜನ ಇದ್ದು ಒಬ್ಬನೂ? ಆ ಅಮ್ಮಣ್ಣಿ ಕೂಡ? ಎಲ್ಲರ ಬಾಯಿಗೆ ಎಂತ ಆಯ್ತು?" ಎಂದು ಬುಟ್ಟಿಯ ಬಿಂಬುಳಿಯನ್ನೆಲ್ಲ ಹೊಳೆಗೆ ಸುರಿದುಬಿಡುತ್ತಾರೆ.

ಬಟ್ಯ ಪರದೆಯನ್ನು ಮಡಚುತ್ತಾರೆ. ಒಗೆಯದೆ ಮಡಚಿ ಗೊತ್ತಿಲ್ಲ, ಮಡಿಕೆ ಸರಿ ಕೂರುವುದಿಲ್ಲ, ಬಿಚ್ಚಿ ಇನ್ನೊಮ್ಮೆ ಮಡಚುತ್ತಾರೆ. ಮುಂದೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಮಡಿಕೆಯ ಅಂಚು ಎಳೆಯುತ್ತಲೇ ಹೇಳಿದರು.

"ಎಂತ ಮಾಡುವುದು? ಗೂಟ ಹೊಡೆಯುವುದು. ಆ ಪೆಟ್ಟಿಗೆ ಮೇಲೆ ಇನ್ನೊಂದು ಸಲ ನಿಲ್ಲಿಸಿದ್ರೆ ಸಾಕಿತ್ತು, ಒಂದೇ ಆಟಕ್ಕೆ." ಪರದೆಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. "ನಿನ್ನೆ ಆ ಧನಿ ಉಗುಳಿಸಿಕೊಳ್ಳದೆ ಮನೆಗೆ ಹೋದ. ಎಂಟು ವರ್ಷದಲ್ಲಿ ನನ್ನ ಪರದೆಯಿಂದ ಹಾಗೆ ಯಾವ ಧನಿಯೂ ಹೋದದ್ದಿಲ್ಲ."