ಚರ್ಚಿನ ಬಾಗಿಲಿಗೆ ಬಂದ ಹಂದಿ

ತೊಂಬತ್ತರ ದಶಕದಲ್ಲಿ ನಾವು ಮೆಲ್ಬರ್ನಿನ ಡ್ಯಾಂಡಿನಾಂಗ್‌ನಲ್ಲಿದ್ದೆವು. ಹೊಸ ಮೆಷಿನ್ ಕಲಿತು ಬರಲು ಫ್ಯಾಕ್ಟರಿಯವರು ಯಜಮಾನರನ್ನು ಫ್ರಾನ್ಸಿಗೆ ಕಳಿಸಿದಾಗ ನಾನೂ ಎಂಟು ವರ್ಷದ ಮಗಳೂ ಜೊತೆಗೆ ಹೊರಟೆವು. ಒಂದು ಭಾನುವಾರ ಹಳೇ ಕಾಲದ ಹಳ್ಳಿಯೊಂದನ್ನು ನೋಡಲು ಹೋದೆವು. ಸುತ್ತ ಕೋಟೆ, ಒಳಗೆಲ್ಲ ಕಲ್ಲಿನ ಮನೆ. ಕೋಟೆ ಗೋಡೆಯಲ್ಲಿ, ಹಿಂದೆ ಶತ್ರುಗಳ ಮೇಲೆ ಕುದಿಯುವ ಎಣ್ಣೆ ಸುರಿಯುತ್ತಿದ್ದ ಕಿಂಡಿಗಳಿದ್ದವು.

"ಕೆಳಗಿದ್ದವರು ಬಜ್ಜಿ ಥರ ಬೆಂದುಹೋಗ್ತಿದ್ರಂತೆ, ನೋಡೇ," ಎಂದರು ಯಜಮಾನರು.

"ಬೆಳಗ್ಗೆ ಬೆಳಗ್ಗೆ ಎಂಥಾ ಮಾತ್ರೀ ಅದು!"

ಅವರು ಫೋಟೊ ತೆಗೆಯುತ್ತ ಅಲ್ಲೇ ಉಳಿದರು. ನಾನು ಮಗಳ ಕೈ ಹಿಡಿದು ಊರಾಚೆ, ಕಾಡಿನ ಅಂಚಿನಲ್ಲಿದ್ದ ಪುಟ್ಟ ಚರ್ಚಿಗೆ ನಡೆದೆ. ಯಾವ ದೇವರಾದರೇನು, ಕೈ ಮುಗಿದು ಬರೋಣ ಅಂತ. ಮೆಟ್ಟಿಲ ಬಳಿ ಶೂ ಬಿಚ್ಚು ಎಂದೆ.

"ಮಮ್, ಇಟ್ಸ್ ಫ್ರೀಜಿಂಗ್! ನೋಬಡಿ ಡಸ್ ದಟ್ ಹಿಯರ್."

"ದೇವಸ್ಥಾನ ಅಂದ್ಮೇಲೆ ದೇವಸ್ಥಾನ. ಬಿಚ್ಚು."

ಒಳಗೆ ಹೋಗಿ ಕೈ ಮುಗಿಯುವಷ್ಟರಲ್ಲಿ ನಾಯಿಗಳ ಬೊಗಳಾಟ, ಗುಂಡಿನ ಸದ್ದು. ಕಾಡುಹಂದಿಯೊಂದು ಓಡಿಬಂದು, ನಮಗೆ ಬೆನ್ನು ಮಾಡಿ ಹೊಸ್ತಿಲಲ್ಲೇ ನಿಂತಿತು. ಅದರ ತೊಡೆಯಿಂದ ರಕ್ತ ಸುರಿಯುತ್ತಿತ್ತು. ಇದ್ದದ್ದು ಅದೊಂದೇ ಬಾಗಿಲು. ಮೊದಲು ಮೇಲೆ ಬಿದ್ದ ನಾಯಿಯ ಹೊಟ್ಟೆಯನ್ನು ಕೋರೆಯಿಂದ ಸೀಳಿಹಾಕಿತು. ಕರುಳು ಮೆಟ್ಟಿಲ ಮೇಲೆ ಬಿದ್ದರೂ ನಾಯಿ ಇನ್ನೂ ಕೂಗುತ್ತಲೇ ಇತ್ತು. ಉಳಿದ ನಾಯಿಗಳು ಒತ್ತಿದಷ್ಟೂ ಹಂದಿ ಹಿಂದೆ ಹಿಂದೆ, ನಮ್ಮ ಕಡೆಗೇ ಸರಿಯುತ್ತಿತ್ತು.

ಎತ್ತರದ ಜಾಗವೆಂದರೆ ದೇವರ ಪೀಠ ಒಂದೇ. ಅದರ ಮೇಲೆ ಕಾಲಿಡುವುದೇ? "ತಪ್ಪಾಯ್ತಪ್ಪಾ ತಂದೆ," ಎಂದು ಮಗಳನ್ನು ಎತ್ತಿ ಅಲ್ಲೇ ನಿಲ್ಲಿಸಿದೆ.

ಹೊರಗೆ ಬೇಟೆಗಾರನೊಬ್ಬ ಬಾಗಿಲಿಗೇ ಕೋವಿ ಗುರಿಯಿಟ್ಟ. ಒಳಗಿನ ಕತ್ತಲಲ್ಲಿ ನಾವು ಅವನಿಗೆ ಕಾಣುತ್ತಿರಲಿಲ್ಲ. ಕೂಗಿದೆ, ನಾಯಿಗಳ ಗಲಾಟೆಯಲ್ಲಿ ಅವನಿಗೆ ಕೇಳಲಿಲ್ಲ. ಅವನ ಪಕ್ಕದ ಮುದುಕನ ಕಣ್ಣು ಮೆಟ್ಟಿಲ ಬದಿಯಲ್ಲಿದ್ದ ಮಗಳ ಕೆಂಪು ಶೂ ಮೇಲೆ ಬಿತ್ತು. ಮುದುಕ ಏನೋ ಅರಚಿ, ಬೇಟೆಗಾರನ ಕೋವಿಯ ನಳಿಗೆಯನ್ನು ಮೇಲಕ್ಕೆ ತಳ್ಳಿದ. ಗುಂಡು ಬಾಗಿಲ ಮೇಲಿನ ಕಮಾನಿಗೆ ಬಡಿದು ಕಲ್ಲಿನ ಚೂರುಗಳು ಸಿಡಿದವು. ಒಂದು ನನ್ನ ಹಣೆ ಸೀಳಿತು. ಕಣ್ಣಿಗೆ ತಗುಲಲಿಲ್ಲ, ಅದೊಂದು ಪುಣ್ಯ.

ಮುದುಕ ತನ್ನ ಕೋವಿ ಎಸೆದು ಚೂರಿ ಹಿಡಿದು ನುಗ್ಗಿದ. ನಾಯಿಗಳು ಹಂದಿಯ ಕಿವಿ ಕಚ್ಚಿ ಜಗ್ಗಿದವು. ಅವನು ಅದರ ಮೇಲೆ ಬಿದ್ದು, ಮುಂಗಾಲಿನ ಹಿಂದೆ ಹಿಡಿಯವರೆಗೂ ಇರಿದ. ಅದರ ಕಿರುಚಾಟ ಮನುಷ್ಯರದ್ದೇ ಅನ್ನಿಸಿತು. ಒದ್ದಾಡಿ ಒದ್ದಾಡಿ ತಣ್ಣಗಾಯಿತು. ಬಿಸಿ ರಕ್ತ ಹರಿದು ನನ್ನ ಬರಿಗಾಲಿನ ಬೆರಳ ಸಂದಿಗೆ ಬಂತು.

ಮಗಳು ಇನ್ನೂ ಪೀಠದ ಮೇಲೇ ನಿಂತಿದ್ದಳು. ಇಳಿಸೋಣವೆಂದರೆ, ಹಣೆಯ ರಕ್ತ ಕಣ್ಣಿಗಿಳಿಯದಂತೆ ನಾನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದೆ. ಮುದುಕ ರಕ್ತ ಮೆತ್ತಿದ ತೋಳು ಚಾಚಿ, ಎತ್ತಿಕೊಳ್ಳಲೇ ಎಂಬಂತೆ ನನ್ನ ಮುಖ ನೋಡಿದ. ಮಾಂಸ ಮುಟ್ಟಿದ ಕೈಯನ್ನು ಅಡುಗೆಮನೆಯ ಒಂದು ಲೋಟಕ್ಕೂ ತಾಗಗೊಟ್ಟವಳಲ್ಲ ನಾನು.

"ಮಮ್, ಹಿ ಹ್ಯಾಸ್ ಬ್ಲಡ್ ಆಲ್ ಓವರ್ ಹಿಮ್."

"ಇರ್ಲಿ ಪುಟ್ಟಿ," ಎಂದೆ. "ತಾತನ ಹತ್ರ ಹೋಗು."