ಹೋಟೆಲಿನ ಬೋರ್ಡೂ ಎಂಪಿ ಸಾಹೇಬರೂ

ಆ ಮನುಷ್ಯ ಎರಡನೆಯ ಸಲ ಲೋಕಸಭೆಗೆ ನಿಂತು ಸೋತ ಸುದ್ದಿ ರೇಡಿಯೋದಲ್ಲಿ ಬಂದಾಗ ನಾನು ದೊಡ್ಡ ಬಾಣಲೆ ಇಟ್ಟು ರವೆ ಹುರಿದೆ. ತುಪ್ಪಕ್ಕೆ ಹಿಂದೆಮುಂದೆ ನೋಡಲಿಲ್ಲ. ಕೇಸರಿಬಾತ್ ಮಾಡಿ ಹೋಟೆಲಿಗೆ ಬಂದವರಿಗೆಲ್ಲ ಬಿಟ್ಟಿಯಾಗಿ ಹಂಚಿಸಿದೆ. ಇದನ್ನು ಹೇಳಲು ನನಗೆ ಈಗಲೂ ನಾಚಿಕೆಯಿಲ್ಲ. ಅವನನ್ನು ಸೋಲಿಸಿದವಳು ನಾನೇ ಎಂದು ಜಂಭ ಕೊಚ್ಚಿಕೊಳ್ಳುವುದಿಲ್ಲ, ಆದರೆ ಒಂದು ಕೈ ನನ್ನದೂ ಇತ್ತು, ಆ ಕೈ ಸೀಮೆಸುಣ್ಣದ ಕಡ್ಡಿ ಹಿಡಿದಿತ್ತು.

ಕುಂದಾಪುರದ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ನಾನು ಬಂದು ಇಳಿದದ್ದು ಅಹಮದಾಬಾದಿನ ಮಣಿನಗರಕ್ಕೆ. ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ನಮ್ಮ ಮಾವನ ಹೋಟೆಲಿತ್ತು. ಕೆಳಗೆ ಹೋಟೆಲು, ಮೇಲೆ ಎರಡು ಕೋಣೆಯ ಮನೆ. ಮಾವ ಮುಂಬಯಿಯಲ್ಲಿ ಅಡುಗೆ ಕೆಲಸ ಮಾಡಿ, ಅಲ್ಲಿಂದ ಗುಜರಾತಿಗೆ ಬಂದು ಈ ಹೋಟೆಲು ತೆರೆದವರು. ಒಲೆಯ ಮುಂದೆಯೇ ಬದುಕು ಕಳೆದಿದ್ದರಿಂದ ಮುಂಬಯಿಯ ಹಿಂದಿಯಲ್ಲೇ ಎಲ್ಲ ವ್ಯವಹಾರ ನಡೆಸುತ್ತಿದ್ದರು. ಗುಜರಾತಿಯಲ್ಲಿ ‘ಬನ್ನಿ, ಕುಳಿತುಕೊಳ್ಳಿ, ಹೇಗಿದ್ದೀರಿ’ ಎನ್ನುವುದರಿಂದ ಆಚೆಗೆ ಅವರಿಗೆ ಅಷ್ಟಕ್ಕಷ್ಟೆ. ನಾನು ಮಾತ್ರ ಪಕ್ಕದ ಮನೆಯ ಗುಜರಾತಿ ಹೆಂಗಸಿನ ಹತ್ತಿರ, ಬೆನ್ ಅಂದರೆ ಅಕ್ಕ ಎಂದು ನಾನು ಕರೆಯುತ್ತಿದ್ದವರ ಹತ್ತಿರ, ಅವರ ಮಗಳ ಒಂದನೇ ಕ್ಲಾಸಿನ ಪುಸ್ತಕ ಹಿಡಿದು ಗುಜರಾತಿ ಓದು ಬರಹ ಕಲಿತೆ. ನಮ್ಮಲ್ಲಿ ಇನ್ಯಾರಿಗೂ ಆ ಲಿಪಿ ಬಾರದ ಕಾರಣ ಬಾಗಿಲಲ್ಲಿ ಇಡುವ ಕಪ್ಪು ಹಲಗೆ ನನ್ನ ಪಾಲಿಗೆ ಬಂತು. ದಿನಾ ಬೆಳಿಗ್ಗೆ ಅದರ ಮೇಲೆ ಅಂದಿನ ತಿಂಡಿಗಳನ್ನು ಬರೆಯಬೇಕು, ಯಾವುದಾದರೂ ಮುಗಿದರೆ ಹಲಗೆಯನ್ನು ಒಳಗೆ ತರಿಸಿಕೊಂಡು ಅದರ ಮುಂದೆ ‘ಖಲಾಸ್’ ಎಂದು ಬರೆಯಬೇಕು.

ಆ ಮನುಷ್ಯ ಆಗ ನಮ್ಮ ವಾರ್ಡಿನ ಕೌನ್ಸಿಲರ್. ಅವನಿಗೆ ಕಚೇರಿ ಎಂಬುದಿರಲಿಲ್ಲ. ನಮ್ಮ ಹೋಟೆಲಿನ ಮೂಲೆಯ ಮೇಜೇ ಅವನ ಕಚೇರಿ. ಬೆಳಿಗ್ಗೆ ಏಳಕ್ಕೆ ಬಂದು ಕೂತರೆ ಒಂಬತ್ತರವರೆಗೆ ಏಳುತ್ತಿರಲಿಲ್ಲ. ಎರಡು ಇಡ್ಲಿ, ಬೆಲ್ಲ ಜಾಸ್ತಿ ಹಾಕಿದ ಸಾಂಬಾರು, ಆಮೇಲೆ ಕಾಫಿಯ ಮೇಲೆ ಕಾಫಿ. ಅವನಿಗೋಸ್ಕರ ಮಾವ ಸಾಂಬಾರನ್ನು ಬೇರೆಯೇ ಪಾತ್ರೆಯಲ್ಲಿ ಕುದಿಸುತ್ತಿದ್ದರು. ಮಿಲ್ಲಿನ ಕೆಲಸಗಾರರ ಸಾಲುಮನೆಗಳಾದ ಚಾಲಿಗಳಿಂದ ಜನ ಅರ್ಜಿ ಹಿಡಿದು ಬರುತ್ತಿದ್ದರು. ನಲ್ಲಿ ಬೇಕು, ದೀಪದ ಕಂಬ ಬೇಕು, ರೈಲು ಹಳಿ ದಾಟಲು ಕಾಲುಸೇತುವೆ ಬೇಕು. ಎಲ್ಲರಿಗೂ ಅವನದು ಒಂದೇ ಉತ್ತರ: ‘ಆಗಿಹೋಯಿತು ಅಂತ ತಿಳಿದುಕೊಳ್ಳಿ.’ ಅವನ ಬೆನ್ನ ಹಿಂದೆಯೇ ಅಡುಗೆಮನೆಯ ಕಿಂಡಿ. ಅದರಾಚೆ ಚಟ್ನಿ ರುಬ್ಬುತ್ತಿದ್ದ ನನಗೆ ಒಂದೊಂದು ಮಾತೂ ಕೇಳುತ್ತಿತ್ತು. ಕಿಂಡಿಯ ಆಚೆ ಒಬ್ಬಳು ಹೆಂಗಸಿದ್ದಾಳೆ, ಅವಳಿಗೆ ಗುಜರಾತಿ ತಿಳಿಯುತ್ತದೆ ಎಂಬುದು ಅವನ ತಲೆಗೇ ಹೋಗಿರಲಿಲ್ಲ.

ಅರವತ್ತರ ದಶಕದ ಮೊದಲಿಗೆ ಅವನಿಗೆ ಲೋಕಸಭೆಯ ಟಿಕೆಟ್ಟು ಸಿಕ್ಕಿತು. ಮಾವನಿಗೆ ಸ್ವಂತ ಮಗನಿಗೇ ಸಿಕ್ಕಷ್ಟು ಖುಷಿ. ಪ್ರಚಾರದ ಕೊನೆಯ ಸಭೆಗೆ ಇಸ್ತ್ರಿ ಮಾಡಿದ ಪಂಚೆ ಉಟ್ಟು, ತೋಳುದ್ದದ ಹಾರ ಹಿಡಿದು ಮುಂದಿನ ಸಾಲಿನಲ್ಲಿ ಕೂತರು. ನಾನು ಬೆನ್ ಜೊತೆ ಹೆಂಗಸರ ಕಡೆ ಕೂತಿದ್ದೆ.

ಗುಜರಾತಿಯಲ್ಲಿ ಭಾಷಣ ಬಿಸಿಯೇರಿತು. ಇದ್ದಕ್ಕಿದ್ದಂತೆ ಅವನು ಹೋಟೆಲಿನವರ ಸುದ್ದಿ ಎತ್ತಿದ. ಈ ಮದ್ರಾಸಿಗಳು ಮಡಚಿ ಕಟ್ಟಿದ ಪಂಚೆಯಲ್ಲಿ, ಒಂದು ತಗಡಿನ ಪೆಟ್ಟಿಗೆ ಹಿಡಿದು ಬಂದವರು, ಇವತ್ತು ನಮ್ಮ ಮೂಲೆಯ ಅಂಗಡಿಗಳೆಲ್ಲ ಇವರ ಕೈಯಲ್ಲಿ, ಹುಳಿನೀರು ಮಾರಿ ನಮ್ಮ ಹುಡುಗರ ಬಾಯಿಗೆ ಮಣ್ಣು ಹಾಕುತ್ತಿದ್ದಾರೆ, ನಾನು ದಿಲ್ಲಿಗೆ ಹೋದ ಮೇಲೆ ಇವರು ಪೆಟ್ಟಿಗೆ ಕಟ್ಟಲಿ ಎಂದ. ಹೇಳುವಾಗ ಮುಂದಿನ ಸಾಲಿನತ್ತ ನೋಡಿ ನಕ್ಕ. ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಮಾತು ತಿಳಿಯದಿದ್ದರೂ, ಸಾಹೇಬರು ತನ್ನನ್ನು ನೋಡಿ ನಕ್ಕರಲ್ಲ ಎಂಬ ಸಂಭ್ರಮದಲ್ಲಿ ಮಾವನೂ ತಟ್ಟಿದರು, ಎಲ್ಲರಿಗಿಂತ ಜೋರಾಗಿ. ಆಮೇಲೆ ವೇದಿಕೆ ಹತ್ತಿ ಹಾರ ಹಾಕಿದರು. ಅವನು ಕುತ್ತಿಗೆ ಬಗ್ಗಿಸಿ ಹಾಕಿಸಿಕೊಂಡು, ಮಾವನ ಬೆನ್ನಿನ ಮೇಲೆ ಕೈಯಿಟ್ಟು, ‘ನೋಡಿ, ಇವರೂ ಒಪ್ಪಿದರು’ ಎಂದ. ಆ ಮೈದಾನದ ನಗು ನನ್ನ ಹೊಟ್ಟೆಯೊಳಗೆ ಹೊಕ್ಕಿದ್ದು ಮತ್ತೆ ಹೊರಗೆ ಹೋಗಲಿಲ್ಲ. ಬೆನ್ ನನ್ನ ಕೈ ಹಿಡಿದುಕೊಂಡು ತಲೆ ತಗ್ಗಿಸಿದರು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಮಾವ ಅದನ್ನೇ ಹೇಳಿದರು.

“ಎಂತ ಮಾತುಗಾರಿಕೆ ಮಾರಾಯ್ತಿ ಅವರದ್ದು! ನನ್ನ ಕಡೆ ನೋಡಿ ನಗಾಡಿದ್ದು ನೀನು ಕಂಡ್ಯಾ? ಅಷ್ಟು ಜನರ ಎದುರು ಬೆನ್ನು ತಟ್ಟಿದ್ರು.”

“ಕಂಡೆ ಮಾವ” ಎಂದೆ. ಇನ್ನೇನು ಹೇಳಲಿ? ಎಂಟು ವರ್ಷ ಅವನಿಗೆಂದು ಬೇರೆ ಸಾಂಬಾರು ಕುದಿಸಿದ ಮನುಷ್ಯನಿಗೆ ಯಾವ ಬಾಯಲ್ಲಿ ಹೇಳಲಿ? ಗಂಡನಿಗೂ ಹೇಳಲಿಲ್ಲ, ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಈ ಸುದ್ದಿ ಮಾವನ ಕಿವಿಗೆ ಯಾವತ್ತೂ ಬೀಳಬಾರದು, ಅವನಿಗೆ ಮಾತ್ರ ತಕ್ಕ ಶಾಸ್ತಿಯಾಗಬೇಕು. ಅವತ್ತು ನಾನು ಮಾಡಿಕೊಂಡ ಎರಡು ಹಟ ಇವು.

ಅವನು ಗೆದ್ದು ದಿಲ್ಲಿಗೆ ಹೋದ. ಮೂಲೆಯ ಮೇಜಿಗೆ ಮತ್ತೆ ಬರಲಿಲ್ಲ. ಮಾವ ಅವನ ಫೋಟೋ ತಂದು ಗಲ್ಲಾಪೆಟ್ಟಿಗೆಯ ಮೇಲ್ಗಡೆ, ಕೃಷ್ಣನ ಪಟದ ಪಕ್ಕ, ತೂಗುಹಾಕಿದರು. ದಿನಾ ಅದಕ್ಕೊಂದು ಹೂವು. ಆ ಹೂವನ್ನು ಕಟ್ಟಿಕೊಡುತ್ತಿದ್ದವಳು ನಾನೇ, ಹಲ್ಲು ಕಚ್ಚಿಕೊಂಡು. ಅರ್ಜಿಯ ಜನ ಕೆಲವು ತಿಂಗಳು ಬಂದು, ಮೇಜು ಖಾಲಿಯಿರುವುದನ್ನು ಕಂಡು, ಒಂದು ಚಾ ಕುಡಿದು ಹೋಗುತ್ತಿದ್ದರು. ನಾನು ಕಾದೆ. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ನಮ್ಮವರೆಲ್ಲ ಆಡಿಕೊಳ್ಳುತ್ತಾರೆ. ಅದು ಬೇಗ ಹೋಗುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲ.

ಐದು ವರ್ಷವಾಗಿ ಮುಂದಿನ ಚುನಾವಣೆ ಹತ್ತಿರ ಬಂತು. ಒಂದು ಬೆಳಿಗ್ಗೆ ಹಲಗೆಯ ಮೇಲೆ ಮಸಾಲೆ ದೋಸೆ, ಮೈಸೂರು ಬೋಂಡ, ಉಪ್ಪಿಟ್ಟು ಎಂದು ಬರೆದೆ. ಅದರ ಕೆಳಗೆ ಅದೇ ಅಕ್ಷರದಲ್ಲಿ ‘ಹಳಿ ದಾಟಲು ಕಾಲುಸೇತುವೆ, ಎಂಪಿ ಸಾಹೇಬರ ಸ್ಪೆಷಲ್: ಖಲಾಸ್’ ಎಂದು ಬರೆದೆ. ಮರುದಿನ ಚಾಲಿಯ ನಲ್ಲಿ ಖಲಾಸ್. ಅದರ ಮರುದಿನ ಹೆಂಗಸರ ಪಾಯಿಖಾನೆಯ ಬಾಗಿಲು ಖಲಾಸ್. ಕಿಂಡಿಯಲ್ಲಿ ಕೇಳಿದ್ದೆಲ್ಲ ನನಗೆ ಬಾಯಿಪಾಠವಾಗಿತ್ತು. ಒಂದು ವಾರದಲ್ಲಿ ಬಾಗಿಲ ಮುಂದೆ ಜನ ಸೇರತೊಡಗಿದರು. ರೈಲು ಹಿಡಿಯಲು ಓಡುವವರೂ ನಿಂತು ಓದಿ, ನಕ್ಕು, ಓಡುತ್ತಿದ್ದರು. ‘ಇವತ್ತು ಸಾಹೇಬರ ಅಡುಗೆಮನೆಯಲ್ಲಿ ಏನು ಮುಗಿಯಿತು?’ ಎನ್ನುವುದು ಸ್ಟೇಷನ್ ರಸ್ತೆಯ ತಮಾಷೆಯೇ ಆಯಿತು.

ಗಂಡನಿಗೆ ಯಾರೋ ಓದಿ ಹೇಳಿದಾಗ ಅವರ ಮುಖ ಬೆಳ್ಳಗಾಯಿತು.

“ನಿನಗೆ ಮಂಡೆ ಸಮ ಉಂಟಾ? ನಾಳೆ ಲೈಸೆನ್ಸಿಗೆ ಕೊಕ್ಕೆ ಹಾಕಿದ್ರೆ ಎಂತ ಮಾಡುದು?”

“ಹಾಕ್ಲಿ. ಊರಿಗೆ ಹೋಗಿ ಗಂಜಿ ಕುಡಿಯುವ” ಎಂದೆ.

ಮಾವ ಮಾತ್ರ ಹಲಗೆಯ ಮುಂದೆ ಸೇರಿದ ಜನರನ್ನು ಕಂಡು, ಬೋಂಡಕ್ಕೆ ಶುಂಠಿ ಜಾಸ್ತಿ ಹಾಕಿದ್ದು ಕೆಲಸ ಮಾಡಿತು ಎಂದು ಹಿಗ್ಗುತ್ತಿದ್ದರು.

ಚುನಾವಣೆಗೆ ನಾಲ್ಕೈದು ದಿನವಿರುವಾಗ, ಮಧ್ಯಾಹ್ನ ಮೂರರ ಹೊತ್ತು, ನೆಲ ತೊಳೆದು ಬೆಂಚುಗಳನ್ನು ಎತ್ತಿಟ್ಟ ಸಮಯದಲ್ಲಿ ಅವನು ಬಂದ. ಹಿಂದೆ ಮುಂದೆ ಯಾರೂ ಇಲ್ಲ. ಕಣ್ಣ ಕೆಳಗೆ ಚೀಲ ಬಂದಿತ್ತು. ಮಾವ ಓಡಿಬಂದು ಮೂಲೆಯ ಮೇಜನ್ನು ಹೆಗಲ ಮೇಲಿನ ಬಟ್ಟೆಯಿಂದ ಒರೆಸಿ ಕೂರಿಸಿದರು. ನಾನು ಕಿಂಡಿಯ ಹಿಂದೆ ನಿಂತು, ಬೇಡಲು ಬಂದಿದ್ದಾನೆ ಎಂದು ಒಳಗೊಳಗೇ ಕುಣಿದೆ. ಅವನು ಮಾವನ ಎರಡೂ ಕೈ ಹಿಡಿದುಕೊಂಡು ಹಿಂದಿಯಲ್ಲಿ ಶುರು ಮಾಡಿದ.

“ಕಾಕಾ, ನಿಮ್ಮ ಸಿಟ್ಟು ನ್ಯಾಯವಾದದ್ದು.”

“ನನಗೆಂಥ ಸಿಟ್ಟು ಸಾಹೇಬ್?”

“ಆ ಮೈದಾನದ ಮಾತಿಗೆ ನಾನು ಕ್ಷಮೆ ಕೇಳಲು ಬಂದಿದ್ದೇನೆ.”

ಹಲಗೆ ಬರೆಯಿಸುತ್ತಿರುವುದು ಮಾವನೇ ಎಂದು ಅವನು ತಿಳಿದಿದ್ದ! ಗಂಡಸಿನ ಹಗೆಯನ್ನು ಮಾತ್ರ ಅವನು ಬಲ್ಲ. ಅವನ ಬಾಯಿ ಮುಚ್ಚಿಸಬೇಕಿತ್ತು. ಕೈಗೆ ಸಿಕ್ಕ ಲೋಟಕ್ಕೆ ಕಾಫಿ ಸುರಿದು, ಅದುವರೆಗೆ ಗಿರಾಕಿಗಳ ಎದುರು ಹೋಗದಿದ್ದವಳು ಹೊರಗೆ ಓಡಿದೆ. “ಕಾಫಿ ತಗೊಳ್ಳಿ, ಬಿಸಿ ಇದೆ” ಎಂದು ಗುಜರಾತಿಯಲ್ಲಿ ನಡುವೆ ಬಾಯಿ ಹಾಕಿದೆ. ಅವನು ನಿಲ್ಲಿಸಲಿಲ್ಲ. ಚುನಾವಣೆಯಲ್ಲಿ ಅಂಥದ್ದೆಲ್ಲ ಹೇಳಬೇಕಾಗುತ್ತದೆ ಕಾಕಾ, ನಿಮ್ಮವರನ್ನು ಪೆಟ್ಟಿಗೆ ಕಟ್ಟಿ ಹೋಗಿ ಎಂದದ್ದು, ಹುಳಿನೀರು ಎಂದದ್ದು, ನಿಮ್ಮ ಕಡೆ ನೋಡಿ ಜನರನ್ನು ನಗಿಸಿದ್ದು, ಹಾರ ಹಾಕಿಸಿಕೊಂಡು ಇವರೂ ಒಪ್ಪಿದರು ಎಂದದ್ದು, ಯಾವುದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದು ಒಂದೊಂದನ್ನೇ ಬಿಡಿಸಿ ಹೇಳಿದ. ಐದು ವರ್ಷ ನಾನು ಮುಚ್ಚಿಟ್ಟದ್ದನ್ನು ಐದು ನಿಮಿಷದಲ್ಲಿ, ಮಾವನಿಗೆ ಚೆನ್ನಾಗಿ ತಿಳಿಯುವ ಭಾಷೆಯಲ್ಲಿ ಹೇಳಿ ಮುಗಿಸಿದ.

ಮಾವ ಕೈ ಬಿಡಿಸಿಕೊಂಡರು. ನನ್ನ ಕಡೆ ತಿರುಗಿದರು.

“ಅವತ್ತು ನಾನು ಚಪ್ಪಾಳೆ ಹೊಡೆದೆ ಅಲ್ವಾ ಮಗೂ?”

“ಎಲ್ಲರೂ ಹೊಡೆದ್ರು ಮಾವ.”

“ನೀನು?”

ಸುಳ್ಳು ಹೇಳಬೇಕಿತ್ತು. ನಿಜವೇ ಬಾಯಿಗೆ ಬಂತು. “ಇಲ್ಲ” ಎಂದೆ.

ಅವರು ಮೇಜಿನ ಅಂಚನ್ನು ಒಮ್ಮೆ ಸವರಿ, “ಕಾಫಿ ಆರ್ತದೆ, ಕುಡಿಯಲಿಕ್ಕೆ ಹೇಳು ಅವರಿಗೆ” ಎಂದು ಕನ್ನಡದಲ್ಲೇ ಹೇಳಿ ಮೆಟ್ಟಿಲು ಹತ್ತಿ ಮೇಲೆ ಹೋದರು. ಕ್ಷಮೆ ಸಿಕ್ಕಿತೋ ಇಲ್ಲವೋ ತಿಳಿಯದೆ ಅವನು ನನ್ನ ಮುಖ ನೋಡಿದ. ನಾನು ಕಾಫಿಯನ್ನು ಅವನ ಕಣ್ಣೆದುರೇ ಮೋರಿಗೆ ಚೆಲ್ಲಿದೆ. ಮರುದಿನವೂ ಹಲಗೆ ಬರೆದೆ, ಅದರ ಮರುದಿನವೂ ಬರೆದೆ. ಅವನು ಸೋತ, ಆಮೇಲೆ ಮುನ್ಸಿಪಾಲಿಟಿಗೆ ನಿಂತು ಅಲ್ಲಿಯೂ ಸೋತ. ಮೈದಾನದ ಮಾತನ್ನು ನಾನು ಎಂದಾದರೂ ಕ್ಷಮಿಸಿದರೂ ಕ್ಷಮಿಸಿಯೇನು. ಅವನು ಕ್ಷಮೆ ಕೇಳಿದ್ದನ್ನು ಮಾತ್ರ ಕ್ಷಮಿಸುವುದಿಲ್ಲ. ಅದನ್ನು ಕೇಳುವಂತೆ ಅವನನ್ನು ಅಲ್ಲಿಗೆ ಎಳೆದು ತಂದ ನನ್ನನ್ನೂ.

ಮಾವ ಆಮೇಲೆ ಹನ್ನೊಂದು ವರ್ಷ ಬದುಕಿದರು. ಹೋಟೆಲು ನಡೆಸಿದರು, ಜನರೊಡನೆ ನಕ್ಕು ಮಾತಾಡಿದರು. ಊರಿನ ಕಡೆಯವರೆಲ್ಲ ಸೇರಿ ವರ್ಷಕ್ಕೊಮ್ಮೆ ರಾಜ್ಯೋತ್ಸವ ಮಾಡುತ್ತಿದ್ದರು, ಅದಕ್ಕೂ ಬರುತ್ತಿದ್ದರು. ಅಲ್ಲಿ ಹಾಡು, ಭಾಷಣ, ನಾಟಕ ಎಲ್ಲವೂ ಕನ್ನಡದಲ್ಲೇ, ಅವರಿಗೆ ಅಕ್ಷರ ಅಕ್ಷರವೂ ತಿಳಿಯುತ್ತಿತ್ತು. ಆದರೂ ಸಭೆ ಚಪ್ಪಾಳೆ ತಟ್ಟುವಾಗ ಅವರು ನನ್ನ ಕಡೆ ನೋಡುತ್ತಿದ್ದರು. ನಾನು ತಟ್ಟಿ ತೋರಿಸುತ್ತಿದ್ದೆ. ಅವರ ಕೈಗಳು ಮಾತ್ರ ತೊಡೆಯ ಮೇಲೆಯೇ ಇರುತ್ತಿದ್ದವು.